ಅಲ್ಯೂಮಿನಿಯಂ ದೋಣಿಯ ತಳ ತೂತಾದಾಗ: ಮುಚ್ಚುವ ಮೊದಲು ಕಾರಣ ಹುಡುಕಿ

ಕಾರವಾರದ ಕೋಡಿಬಾಗದಿಂದ ಹೊನ್ನಾವರದ ಕಾಸರಕೋಡಿನವರೆಗೆ ಅಲ್ಯೂಮಿನಿಯಂ ದೋಣಿ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ಹೇಳಿದ್ದರು. ಮೂರೇ ವರ್ಷಕ್ಕೆ ತಳದಲ್ಲಿ ತೂತು ಬಿದ್ದಿದೆ. ಏನು ಹಚ್ಚಿ ಮುಚ್ಚಲಿ?"

ಏನು ಹಚ್ಚಬೇಕು ಎಂಬುದನ್ನು ಕೊನೆಗೆ ಯೋಚಿಸೋಣ. ತೂತು ಯಾಕೆ ಬಿತ್ತು ಎಂದು ತಿಳಿಯದೆ ಮುಚ್ಚಿದರೆ, ಮುಂದಿನ ಮಳೆಗಾಲದೊಳಗೆ ಅದರ ಪಕ್ಕದಲ್ಲೇ ಇನ್ನೊಂದು ಬೀಳುತ್ತದೆ. ರಿಪೇರಿ ಕೆಟ್ಟಿತೆಂದು ಬಂದ ದೋಣಿಗಳಲ್ಲಿ ತೇಪೆ ಗಟ್ಟಿಯಾಗಿಯೇ ಇದ್ದು, ಅದರ ಸುತ್ತಲಿನ ಹಾಳೆ ಕರಗಿಹೋಗಿದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇಲ್ಲಿ ಹೇಳುವುದು ಅಳಿವೆ, ಗಜನಿ (ಉಪ್ಪು ನೀರು ನುಗ್ಗುವ ಗದ್ದೆ), ಹಿನ್ನೀರುಗಳಲ್ಲಿ ಓಡಾಡುವ ಸಣ್ಣ ದೋಣಿಗಳಿಗೆ, ಅಂದರೆ ಸುಮಾರು 2ರಿಂದ 4 ಮಿ.ಮೀ. ದಪ್ಪದ ಹಾಳೆಯ, ರಿವೆಟ್ ಹೊಡೆದ ಅಥವಾ ವೆಲ್ಡಿಂಗ್ ಮಾಡಿದ ದೋಣಿಗಳಿಗೆ ಅನ್ವಯಿಸುತ್ತದೆ.

ಅಲ್ಯೂಮಿನಿಯಂ ಹೇಗೆ ಸವೆಯುತ್ತದೆ

ಗಾಳಿ ತಾಗಿದ ಕ್ಷಣವೇ ಅಲ್ಯೂಮಿನಿಯಂ ತನ್ನ ಮೈಮೇಲೆ ಆಕ್ಸೈಡ್ ಎಂಬ ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಲೋಹವನ್ನು ಕಾಯುವುದು ಆ ಪೊರೆಯೇ. ಆಮ್ಲ, ಕ್ಷಾರಗಳನ್ನು ಅಳೆಯುವ ಪಿಎಚ್ ಸುಮಾರು 4ರಿಂದ 8.5ರ ನಡುವೆ ಇರುವವರೆಗೆ ಪೊರೆ ಗಟ್ಟಿಯಾಗಿರುತ್ತದೆ. ಸಮುದ್ರದ ನೀರು ಈ ಮಿತಿಯೊಳಗೇ ಇದ್ದರೂ ಅದರಲ್ಲಿರುವ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಗಾಳಿಯಾಡುವ ಕಡೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಹಲಗೆಯ ಅಡಿ, ಮರಳು, ಕೆಸರು, ಒದ್ದೆ ಚೀಲಗಳ ಅಡಿ ಗಾಳಿಯಿಲ್ಲದ ಕಾರಣ ಕೂಡಿಕೊಳ್ಳುವುದಿಲ್ಲ. ಅಲ್ಲಿ ಚಿಕ್ಕ ಕುಳಿಯೊಂದು ಹುಟ್ಟಿ ಒಳಮುಖವಾಗಿ ಇಳಿಯುತ್ತದೆ. ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಪುಡಿ ಮಾತ್ರ ಕಾಣಿಸಿದರೂ ಅದರ ಕೆಳಗೆ ಹಾಳೆ ಅರ್ಧ ಹೋಗಿರಬಹುದು.

ಎರಡನೆಯ ದಾರಿ ಗ್ಯಾಲ್ವನಿಕ್ ಸವೆತ. ಉಪ್ಪು ನೀರಿನಲ್ಲಿ ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿದರೆ ಬ್ಯಾಟರಿಯಂತೆ ವಿದ್ಯುತ್ ಹರಿದು, ಅವೆರಡರಲ್ಲಿ ದುರ್ಬಲವಾದ ಲೋಹ ಕರಗುತ್ತದೆ. ತಾಮ್ರ, ಹಿತ್ತಾಳೆ, ಸೀಸ, ಸ್ಟೇನ್‌ಲೆಸ್ ಸ್ಟೀಲ್, ಕಬ್ಬಿಣ, ಇವುಗಳಲ್ಲಿ ಯಾವುದರ ಜೊತೆಗಿದ್ದರೂ ಕರಗುವುದು ಅಲ್ಯೂಮಿನಿಯಮ್ಮೇ.

ಯಾವಾಗ ಮಾಡಬೇಕು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ದೋಣಿ ಹೇಗೂ ದಡದಲ್ಲಿರುತ್ತದೆ, ಆಗಲೇ ಮಾಡಿಬಿಡೋಣ ಎಂದು ಹೆಚ್ಚಿನವರು ಯೋಚಿಸುತ್ತಾರೆ. ಮರದ ದೋಣಿಗೆ ಅದು ನಡೆಯಬಹುದು, ಅಲ್ಯೂಮಿನಿಯಂಗೆ ನಡೆಯುವುದಿಲ್ಲ. ಗಾಳಿಯ ತೇವಾಂಶ ಶೇ 85 ದಾಟಿದರೆ ಎರಡು ಭಾಗ ಬೆರೆಸಿ ಹಚ್ಚುವ ಅಂಟಾದ ಎಪಾಕ್ಸಿಯೂ ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಗಲಿಡೀ ಅದಕ್ಕಿಂತ ಹೆಚ್ಚು ತೇವ ಇರುವ ದಿನಗಳೇ ಹೆಚ್ಚು. ಮಳೆಗಾಲದಲ್ಲಿ ತಪಾಸಣೆ ಮಾಡಿ ಗುರುತು ಹಾಕಿಟ್ಟುಕೊಳ್ಳಿ. ಅಂಟು, ಬಣ್ಣದ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ. ನಾಲ್ಕೈದು ದಿನದ ದುಡಿಮೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಆದರೂ ಇದೇ ನನ್ನ ಖಚಿತ ಸಲಹೆ.

ಬೇಕಾಗುವ ಸಾಮಾನು

ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬ್ರಷ್ (ಹೊಸದೇ ಆಗಬೇಕು), 80 ಮತ್ತು 120 ನಂಬರಿನ ಉಪ್ಪುಕಾಗದ, ದಬ್ಬಳ, ಆಳ ಅಳೆಯುವ ಕಡ್ಡಿಯಿರುವ ವರ್ನಿಯರ್, ಮಾರ್ಕರ್ ಪೆನ್, ಅಸಿಟೋನ್, ಬಿಳಿ ಹತ್ತಿಬಟ್ಟೆ, ಎರಡು ಭಾಗದ ಎಪಾಕ್ಸಿ, ಎಪಾಕ್ಸಿ ಪ್ರೈಮರ್, ಕೈಗವಸು, ಕನ್ನಡಕ, ಎನ್95 ಮುಖಗವಸು. ತೇಪೆ ಹಾಕುವುದಾದರೆ 5052 ಅಥವಾ 5083 ದರ್ಜೆಯ ಅಲ್ಯೂಮಿನಿಯಂ ಹಾಳೆ. ಈ ಅಂಕಿಗಳು ಮಿಶ್ರಲೋಹದ ಹೆಸರುಗಳು. ಮೆಗ್ನೀಸಿಯಂ ಬೆರೆತ ಈ ಎರಡೂ ಉಪ್ಪು ನೀರಿಗೆ ಬಾಳುತ್ತವೆ. ಗುಜರಿಯಲ್ಲಿ ಸಿಕ್ಕ ಯಾವುದೋ ಹಾಳೆಯನ್ನು ತರಬೇಡಿ. ತಾಮ್ರ ಬೆರೆತ ದರ್ಜೆಯದ್ದಾಗಿದ್ದರೆ ಉಪ್ಪು ನೀರಿಗೆ ಬಾಳುವುದಿಲ್ಲ.

1. ದೋಣಿ ಬರಿದು ಮಾಡಿ ತೊಳೆಯಿರಿ

ಎಂಜಿನ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಕಾಲಡಿಯ ಹಲಗೆ, ಸೀಟಿನ ಕೆಳಗಿನ ಫೋಮ್, ಎಲ್ಲವನ್ನೂ ಹೊರಗೆ ತೆಗೆಯಿರಿ. ಹಲಗೆ ಕೀಳಲು ಬೇಸರಪಟ್ಟು ಬಿಟ್ಟವರೇ ಹೆಚ್ಚು, ಹಾನಿ ಇರುವುದೂ ಅದರ ಅಡಿಯಲ್ಲೇ. ಸಿಹಿನೀರಿನಲ್ಲಿ ಸೌಮ್ಯವಾದ ಸಾಬೂನು ಹಾಕಿ ತೊಳೆಯಿರಿ. ಸಮುದ್ರಕ್ಕೆ ಹತ್ತಿರದ ಬಾವಿಯಾದರೆ ಬೇಸಿಗೆಯಲ್ಲಿ ಅದರ ನೀರೂ ಉಪ್ಪಾಗಿರುತ್ತದೆ. ಬಾಯಿಗೆ ಹಾಕಿ ನೋಡಿ, ಚಪ್ಪೆ ಎನಿಸಿದರೆ ಮಾತ್ರ ಬಳಸಿ.

ಎಚ್ಚರಿಕೆ: ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ, ಸುಣ್ಣ ಇವು ಯಾವುವೂ ತಾಗಬಾರದು. ಇವೆಲ್ಲ ಕ್ಷಾರಗಳು, ಪೊರೆಯನ್ನು ಕರಗಿಸಿ ಲೋಹವನ್ನೇ ತಿನ್ನುತ್ತವೆ. ಚಿಪ್ಪಿನ ಸುಣ್ಣದ ಚೀಲ ಸಾಗಿಸಿದ ದೋಣಿಯನ್ನು ಅದೇ ದಿನ ತೊಳೆಯಬೇಕು. ಟಾಯ್ಲೆಟ್ ತೊಳೆಯುವ ಆಮ್ಲವೂ ಬೇಡ.

2. ಕಾರಣ ಹುಡುಕಿ

ಅವಸರದಲ್ಲಿ ಎಲ್ಲರೂ ದಾಟಿ ಹೋಗುವ ಹಂತ ಇದು. ಕನಿಷ್ಠ ಅರ್ಧ ದಿನ ಕೊಡಿ.

ಮೊದಲು ಕುಳಿಗಳು ಎಲ್ಲಿವೆ, ಯಾವ ಆಕಾರದಲ್ಲಿ ಹರಡಿವೆ ಎಂದು ನೋಡಿ. ಕಾಳಿ ನದಿಯ ದೋಣಿಯೊಂದರಲ್ಲಿ ತಳದ ಒಳಮೈ ಮೇಲೆ ಕುಳಿಗಳು ಸಾಲಾಗಿ, ಬೆರಳಗಲದ ಅಂತರದಲ್ಲಿ, ಬಿಲ್ಲಿನಂತೆ ಬಾಗಿ ಬಿದ್ದಿದ್ದವು. ಎರಡು ಸಲ ತುಂಬಿಸಿದ್ದರೂ ಮತ್ತೆ ಬರುತ್ತಿದ್ದವು. ದೋಣಿಯವರು ತಮ್ಮ ಬೀಸುಬಲೆಯನ್ನು ತಂದು ಅದೇ ಜಾಗದಲ್ಲಿ ಇಟ್ಟಾಗ ಬಲೆಯ ಅಂಚಿನ ಸೀಸದ ಮಣಿಗಳು ಕುಳಿಗಳ ಮೇಲೆ ಒಂದೊಂದಾಗಿ ಕುಳಿತವು. ಒದ್ದೆ ಬಲೆ ರಾತ್ರಿಯಿಡೀ ಅಲ್ಲೇ ಬಿದ್ದಿರುತ್ತಿತ್ತು. ಬಲೆಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟ ಮೇಲೆ ಆ ತೊಂದರೆ ನಿಂತಿತು.

ಹುಡುಕಬೇಕಾದ ಇತರ ಕಾರಣಗಳು ಇವು. ಕಾಲಡಿಯಲ್ಲಿ ಬಿದ್ದ ನಾಣ್ಯ, ಹಿತ್ತಾಳೆ ಕೊಕ್ಕೆ, ತಾಮ್ರದ ತಂತಿಯ ಚೂರು. ವಾಷರ್ ಇಲ್ಲದೆ ನೇರವಾಗಿ ಬಿಗಿದ ಸ್ಟೇನ್‌ಲೆಸ್ ಬೋಲ್ಟ್. ಮರದ ದೋಣಿಯ ರೂಢಿಯಲ್ಲಿ ಹೊಡೆದ ತಾಮ್ರದ ಮೊಳೆ. ಎಂಜಿನ್ ಕೂರಿಸುವ ಹಿಂಬದಿಯ ಪ್ಲೈವುಡ್: ಗೆದ್ದಲು ಹಿಡಿಯದಂತೆ ತಾಮ್ರದ ಲವಣ ಹಾಕಿದ ಮರವಾದರೆ ಅದು ಒದ್ದೆಯಾದಾಗಲೆಲ್ಲ ಅಲ್ಯೂಮಿನಿಯಂ ಸವೆಯುತ್ತದೆ. ಬಳಚು (ಚಿಪ್ಪುಮೀನು), ಮರಳು ತುಂಬುವ ದೋಣಿಗಳಲ್ಲಿ ಅಡ್ಡಪಟ್ಟಿಗಳ ಮೂಲೆಯಲ್ಲಿ ಗಟ್ಟಿಯಾಗಿ ಕುಳಿತ ಕೆಸರು ಹಾಗೂ ಚಿಪ್ಪಿನ ಚೂರು. ಆ ಕೆಸರು ತಿಂಗಳುಗಟ್ಟಲೆ ಒಣಗುವುದೇ ಇಲ್ಲ.

ದೋಣಿಯಲ್ಲಿ ದೀಪ, ಪಂಪು ಇದ್ದರೆ ವಿದ್ಯುತ್ ಸೋರಿಕೆಯನ್ನೂ ನೋಡಬೇಕು. ಬ್ಯಾಟರಿಯಿಂದ ತಂತಿಗಳನ್ನು ಬಿಡಿಸಿ, ಎಲ್ಲ ಸ್ವಿಚ್ ಆರಿಸಿ, ಮಲ್ಟಿಮೀಟರ್‌ನ ಒಂದು ತುದಿಯನ್ನು ಪಾಸಿಟಿವ್ ತಂತಿಗೆ, ಇನ್ನೊಂದನ್ನು ಕೆರೆದು ಹೊಳಪು ಬಂದ ಅಲ್ಯೂಮಿನಿಯಂಗೆ ತಾಗಿಸಿ. ಸಂಪರ್ಕ ತೋರಿಸಿದರೆ ಎಲ್ಲೋ ತಂತಿಯ ಮೇಲ್ಪದರ ಹರಿದಿದೆ ಎಂದರ್ಥ. ತಳದಲ್ಲಿ ನಿಂತ ನೀರಿನಲ್ಲಿ ಮುಳುಗಿರುವ ಪಂಪಿನ ಜೋಡಣೆಯನ್ನು ಮೊದಲು ನೋಡಿ. ಇಂಥ ಸೋರಿಕೆ ವರ್ಷಗಳ ಸವೆತವನ್ನು ವಾರಗಳಲ್ಲಿ ಮಾಡಿಬಿಡುತ್ತದೆ. ಒಂದು ತಂತಿ ಉಳಿಸಲೆಂದು ದೋಣಿಯ ಮೈಯನ್ನೇ ನೆಗೆಟಿವ್ ತಂತಿಯಾಗಿ ಬಳಸಿದ್ದರೆ ಅದನ್ನು ಇಂದೇ ಬದಲಿಸಿ.

3. ಗುರುತು ಹಾಕಿ, ಆಳ ಅಳೆಯಿರಿ

ಸೋರುವ ಜಾಗ ತಿಳಿಯದಿದ್ದರೆ ದೋಣಿಯನ್ನು ನಾಲ್ಕೈದು ಕಡೆ ಆಧಾರ ಕೊಟ್ಟು ಎತ್ತರದಲ್ಲಿಟ್ಟು ಒಳಗೆ ಸಿಹಿನೀರು ಹಾಕಿ, ಹೊರಗಿನಿಂದ ಹನಿ ಎಲ್ಲಿ ಬರುತ್ತದೆ ನೋಡಿ. ನೀರು ನಾಲ್ಕು ಬೆರಳಿಗಿಂತ ಹೆಚ್ಚು ಬೇಡ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳದಲ್ಲಿ 10 ಸೆಂ.ಮೀ. ನೀರು ನಿಂತರೂ 300 ಕಿಲೋ ಭಾರ. ನೀರಿನ ಮೇಲಿರಲು ಕಟ್ಟಿದ ಹಾಳೆ ಒಳಗಿನ ಭಾರಕ್ಕೆ ಜಗ್ಗುತ್ತದೆ.

ಗುರುತನ್ನು ಮಾರ್ಕರ್ ಪೆನ್ನಿನಿಂದ ಹಾಕಿ, ಪೆನ್ಸಿಲ್ ಮುಟ್ಟಬೇಡಿ. ಪೆನ್ಸಿಲಿನ ಗ್ರಾಫೈಟ್ ಕೂಡ ಅಲ್ಯೂಮಿನಿಯಂ ಜೊತೆ ಬ್ಯಾಟರಿಯಂತೆ ವರ್ತಿಸುತ್ತದೆ, ಗೀಚಿದ ಗೆರೆಯ ಉದ್ದಕ್ಕೂ ಸವೆತ ಹುಟ್ಟಬಹುದು.

ಬಿಳಿ ಪುಡಿ ಇರುವಲ್ಲೆಲ್ಲ ದಬ್ಬಳದಿಂದ ಒತ್ತಿ ನೋಡಿ, ವರ್ನಿಯರ್‌ನ ಕಡ್ಡಿಯಿಂದ ಆಳ ಅಳೆಯಿರಿ. ನಾನು ಪಾಲಿಸುವ ಲೆಕ್ಕ ಹೀಗಿದೆ: ಹಾಳೆಯ ದಪ್ಪದ ಕಾಲು ಭಾಗದೊಳಗಿನ ಕುಳಿಗೆ ಎಪಾಕ್ಸಿ ಸಾಕು. ಕಾಲು ಭಾಗದಿಂದ ಅರ್ಧದವರೆಗಿನ ಕುಳಿ ಒಂಟಿಯಾಗಿದ್ದರೆ ಎಪಾಕ್ಸಿ, ಗುಂಪಾಗಿದ್ದರೆ ತೇಪೆ. ಅರ್ಧ ದಾಟಿದರೆ ಅದನ್ನು ತೂತೆಂದೇ ಎಣಿಸಿ. ಎಂಜಿನ್ ಕೂರುವ ಹಿಂಬದಿಯಲ್ಲಿ, ತಳದ ನಡುವಿನ ಕೀಲ್ ಬಳಿ ಬಿರುಕು ಕಂಡರೆ ಈ ಲೆಕ್ಕ ನಡೆಯದು, ನೇರವಾಗಿ 7ನೇ ಹಂತಕ್ಕೆ ಹೋಗಿ.

4. ಕುಳಿಯಿಂದ ಉಪ್ಪು ತೆಗೆಯಿರಿ

ಮೊದಲು ಅಸಿಟೋನ್ ಬಟ್ಟೆಯಿಂದ ಎಣ್ಣೆ, ಗ್ರೀಸ್ ಒರೆಸಿ. ಆಮೇಲೆ ಬ್ರಷ್ ಹಿಡಿಯಿರಿ. ಕ್ರಮ ತಿರುಗುಮುರುಗಾದರೆ ಎಣ್ಣೆಯನ್ನು ಬ್ರಷ್ಷೇ ಕುಳಿಯೊಳಗೆ ತಳ್ಳುತ್ತದೆ. ಬ್ರಷ್ಷನ್ನು ಹಿಂದೆ ಕಬ್ಬಿಣಕ್ಕೆ ಬಳಸಿರಬಾರದು. ಅದರಿಂದ ಉದುರುವ ಕಬ್ಬಿಣದ ಕಣಗಳು ಅಲ್ಯೂಮಿನಿಯಂನಲ್ಲಿ ಹೂತು ಹೊಸ ಕುಳಿಗಳಿಗೆ ಬೀಜವಾಗುತ್ತವೆ. ಗ್ರೈಂಡರ್ ಚಕ್ರಕ್ಕೂ ಇದೇ ನಿಯಮ. ಅಲ್ಯೂಮಿನಿಯಂ ಧೂಳು ಬೇಗ ಹೊತ್ತಿಕೊಳ್ಳುತ್ತದೆ, ಕಬ್ಬಿಣದ ತುಕ್ಕಿನ ಪುಡಿಯೊಂದಿಗೆ ಬೆರೆತರೆ ಇನ್ನೂ ಅಪಾಯ. ಗಾಳಿಯಾಡುವ ಕಡೆ, ಮುಖಗವಸು ಹಾಕಿಕೊಂಡೇ ಕೆಲಸ ಮಾಡಿ.

ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ ಕುಳಿಯ ಅಡಿಯನ್ನು ಕೆರೆಯಿರಿ. ಕಪ್ಪು ಚುಕ್ಕೆ ಉಳಿದಿದ್ದರೆ ಒಳಗೆ ಇನ್ನೂ ಸವೆತವಿದೆ. ನಂತರ ಬಿಸಿನೀರು ಸುರಿದು ಉಜ್ಜಿ, ಒಣಗಿಸಿ, ಮತ್ತೆ ಬಿಸಿನೀರು. ಮೂರು ಸಲವಾದರೂ ಮಾಡಿ.

ಇನ್ನು ಒಂದು ರಾತ್ರಿ ಸುಮ್ಮನೆ ಬಿಡಿ. ಬೆಳಗ್ಗೆ ಬಿಸಿಲು ಏರುವ ಮೊದಲು ಹೋಗಿ ಕುಳಿಯನ್ನು ಹತ್ತಿರದಿಂದ ನೋಡಿ. ನಿನ್ನೆ ಕನ್ನಡಿಯಂತಿದ್ದ ಅಡಿಯಲ್ಲಿ ಬೂದಿ ಉದುರಿದಂತೆ ತೆಳುವಾದ ಬಿಳುಪು ಮೂಡಿದ್ದರೆ ಉಪ್ಪು ಒಳಗೇ ಉಳಿದಿದೆ, ರಾತ್ರಿಯ ತೇವ ಎಳೆದುಕೊಂಡು ಮತ್ತೆ ಕೆಲಸ ಶುರುಮಾಡಿದೆ. ಮೇಲೆ ಎಷ್ಟು ದುಬಾರಿ ಎಪಾಕ್ಸಿ ಹಾಕಿದರೂ ಅದು ಅಡಿಯಿಂದ ಗುಳ್ಳೆ ಎಬ್ಬಿಸುತ್ತದೆ. ಮತ್ತೆ ತೊಳೆಯಿರಿ. ಬಿಳುಪು ಮೂಡದ ಬೆಳಗು ಬಂದಾಗ ಮಾತ್ರ ಮುಂದಿನ ಹಂತ.

5. ಕುಳಿಗೆ ಎಪಾಕ್ಸಿ

ಕೆರೆದ ಅಲ್ಯೂಮಿನಿಯಂ ಮೇಲೆ ಪೊರೆ ಕೂಡಲೇ ಮತ್ತೆ ಕಟ್ಟುತ್ತದೆ ಎಂದೆನಲ್ಲ, ಅಂಟು ಬಿಡುವುದು ಆ ಪೊರೆ ದಪ್ಪವಾದಾಗ. ಅದಕ್ಕೊಂದು ಉಪಾಯವಿದೆ. ಏನೂ ಬೆರೆಸದ ಎಪಾಕ್ಸಿಯನ್ನು ತೆಳುವಾಗಿ ಹಚ್ಚಿ, ಅದು ಒದ್ದೆಯಿರುವಾಗಲೇ 80 ನಂಬರಿನ ಉಪ್ಪುಕಾಗದದಿಂದ ಅದರ ಮೂಲಕವೇ ಲೋಹವನ್ನು ಉಜ್ಜಿ. ಹೊಸದಾಗಿ ತೆರೆದ ಲೋಹಕ್ಕೆ ಗಾಳಿ ತಾಗುವ ಮೊದಲೇ ಎಪಾಕ್ಸಿ ತಾಗುತ್ತದೆ. ಅದರ ಮೇಲೆ, ಒಣಗುವ ಮುನ್ನ, ಸಿಲಿಕಾ ಪುಡಿ ಬೆರೆಸಿ ಬೆಣ್ಣೆಯಂತೆ ಗಟ್ಟಿಮಾಡಿದ ಎಪಾಕ್ಸಿ ತುಂಬಿಸಿ.

ಎರಡು ಭಾಗಗಳನ್ನು ಕಣ್ಣಂದಾಜಿನಲ್ಲಿ ಬೆರೆಸಬೇಡಿ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ತೂಗಿ. ನಮ್ಮ ಸೆಕೆಗೆ ಬಟ್ಟಲಿನಲ್ಲೇ ಬಿಸಿಯೇರಿ ಗಟ್ಟಿಯಾಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ. ಮರುದಿನ ಮೇಲ್ಮೈ ಮೇಣದಂತೆ ಜಿಡ್ಡಾಗಿದ್ದರೆ ತೇವಾಂಶದಿಂದ ಹೊರಬಂದ ಪದರ ಅದು. ಬರಿ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿದ ಮೇಲೆಯೇ ಬಣ್ಣ.

ಕಬ್ಬಿಣದ ಪುಡಿ ಬೆರೆಸಿದ ಎಪಾಕ್ಸಿ ಬೇಡ, ಕಾರಿಗೆ ಬಳಸುವ ಪುಟ್ಟಿಯೂ ಬೇಡ, ಅದು ನೀರು ಹೀರುತ್ತದೆ. ಎಂ-ಸೀಲ್ ನದಿಯ ನಡುವಿನಿಂದ ದಡ ಸೇರಲು ಸರಿ, ಅದನ್ನೇ ರಿಪೇರಿ ಎಂದುಕೊಳ್ಳಬೇಡಿ.

6. ತೂತಿಗೆ ರಿವೆಟ್ ತೇಪೆ

ಸವೆದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ದುಂಡಾಗಿ ಕತ್ತರಿಸಿ. ತೇಪೆಯ ಹಾಳೆ ಅಷ್ಟೇ ದಪ್ಪವಿರಲಿ, ಸುತ್ತಲೂ ಕನಿಷ್ಠ 40 ಮಿ.ಮೀ. ಆಚೆ ಹರಡಲಿ, ಮೂಲೆಗಳು ದುಂಡಾಗಿರಲಿ. ಚೂಪು ಮೂಲೆಯಿಂದ ಬಿರುಕು ಹುಟ್ಟುತ್ತದೆ. ತಳದ ಹೊರಮೈ ಮೇಲೆ ತೇಪೆ ಇಡುವುದು ನನಗೆ ಇಷ್ಟ, ನೀರಿನ ಒತ್ತಡ ಅದನ್ನು ದೋಣಿಗೇ ಒತ್ತಿ ಹಿಡಿಯುತ್ತದೆ. ಮುಂದಿನ ಅಂಚನ್ನು ಅರದಿಂದ ಇಳಿಜಾರು ಮಾಡಿದರೆ ಮರಳಿಗೆ ಎಳೆಯುವಾಗ ಸಿಕ್ಕಿಕೊಳ್ಳದು.

4.8 ಮಿ.ಮೀ. ರಿವೆಟ್‌ಗಳನ್ನು ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗೆ, ಒಂದಕ್ಕೊಂದು 20ರಿಂದ 25 ಮಿ.ಮೀ. ಅಂತರದಲ್ಲಿ, ಎರಡು ಸಾಲಾಗಿ ಓರೆಕೋರೆಯಾಗಿ ಹೊಡೆಯಿರಿ. ತೂತುಗಳನ್ನೆಲ್ಲ ಕೊರೆದ ಮೇಲೆ ತೇಪೆಯನ್ನು ಮತ್ತೆ ಬಿಚ್ಚಿ, ಅಂಚಿನ ಚೂರುಗಳನ್ನು ತೆಗೆದು, ಎರಡೂ ಮುಖಕ್ಕೆ ನೀರೊಳಗೆ ಬಾಳುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, ಆಮೇಲೆ ಬಿಗಿಯಿರಿ. ಅಂಚಿನುದ್ದಕ್ಕೂ ಸೀಲಂಟ್ ಹೊರಗೆ ಉಬ್ಬಿ ಬರಬೇಕು. ಒಂದು ಕಡೆ ಬಾರದಿದ್ದರೂ ಅಲ್ಲಿ ಪೊಳ್ಳು ಉಳಿದಿದೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಾಪ್ ರಿವೆಟ್‌ನ ತಲೆ ಅಲ್ಯೂಮಿನಿಯಂ ಆಗಿದ್ದರೂ ಒಳಗಿನ ಕಡ್ಡಿ ಕಬ್ಬಿಣದ್ದಾಗಿರಬಹುದು. ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ವಾಪಸು ಕೊಡಿ. ಕಡ್ಡಿಯೂ ಅಲ್ಯೂಮಿನಿಯಂ ಆಗಿರುವ, ತುದಿ ಮುಚ್ಚಿದ ರಿವೆಟ್ ಅಥವಾ ಸುತ್ತಿಗೆಯಿಂದ ಹೊಡೆಯುವ ಗಟ್ಟಿ ರಿವೆಟ್ ಬೇಕು.

7. ವೆಲ್ಡಿಂಗ್ ಬೇಕಾದರೆ

ಬಿರುಕು, ದೊಡ್ಡ ತೂತು, ಹಿಂಬದಿಯ ಹಾನಿಗೆ ವೆಲ್ಡಿಂಗೇ ಸರಿ. ಇದನ್ನು ಮನೆಯಲ್ಲಿ ಮಾಡಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ, ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಬಿಸಿಯಾದಾಗ ಕಬ್ಬಿಣದಂತೆ ಕೆಂಪಾಗುವುದೂ ಇಲ್ಲ, ನೋಡುತ್ತಿದ್ದಂತೆ ಹಾಳೆ ಕುಸಿದು ಬೀಳುತ್ತದೆ. ಗೇಟು, ಗ್ರಿಲ್ ಮಾಡುವವರೆಲ್ಲರಿಗೂ ಈ ಕೈಚಳಕ ಇರುವುದಿಲ್ಲ.

ವೆಲ್ಡಿಂಗ್ ಮಾಡುವವರಲ್ಲಿ ಮೂರು ಪ್ರಶ್ನೆ ಕೇಳಿ. ಎಸಿ ಟಿಗ್ (ಅಲ್ಯೂಮಿನಿಯಂ ಬೆಸುಗೆಗೆ ಬಳಸುವ) ಯಂತ್ರವಿದೆಯೇ? ಗ್ಯಾಸ್ ಶುದ್ಧ ಆರ್ಗಾನ್ ಆಗಿದೆಯೇ? 5083 ಹಾಳೆಗೆ ಯಾವ ಕಡ್ಡಿ ಬಳಸುತ್ತೀರಿ? ಕೊನೆಯದಕ್ಕೆ 5356 ಅಥವಾ 5183 ಎಂಬ ಉತ್ತರ ಬರಬೇಕು. 4043 ಎಂದರೆ ಬೇರೆಯವರನ್ನು ಹುಡುಕಿ, ಮೆಗ್ನೀಸಿಯಂ ಹೆಚ್ಚಿರುವ ಹಾಳೆಯಲ್ಲಿ ಆ ಬೆಸುಗೆ ಪೆಡಸಾಗುತ್ತದೆ. ಬಿರುಕಿನ ಎರಡೂ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು ಅದು ಮುಂದೆ ಓಡದಂತೆ ತಡೆದ ಮೇಲೆಯೇ ಬೆಸುಗೆ ಹಾಕಬೇಕು.

ಪೆಟ್ರೋಲ್ ಟ್ಯಾಂಕ್ ಮತ್ತು ಫೋಮ್ ದೋಣಿಯಲ್ಲಿ ಉಳಿದಿರಲೇಬಾರದು. ಫೋಮ್ ಸುಟ್ಟ ಹೊಗೆ ವಿಷ. ಕ್ಲೋರಿನ್ ಇರುವ ಸಾಲ್ವೆಂಟ್‌ನಿಂದ ಒರೆಸಿದ ಲೋಹಕ್ಕೆ ಬೆಸುಗೆಯ ಕಿಡಿ ತಾಗಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಅಸಿಟೋನ್ ಎಂದು ಹೇಳಿದ್ದು ಅದಕ್ಕೇ. ಅದೂ ಪೂರ್ತಿ ಆರಿದ ಮೇಲೆಯೇ ಕಿಡಿ ಹೊತ್ತಿಸಬೇಕು.

ಗ್ಯಾಸ್ ಬತ್ತಿಯಿಂದ ಬಿಸಿಮಾಡಿ ಕಡ್ಡಿ ಸವರಿದರೆ ತೂತು ಮುಚ್ಚುವ ವಿಡಿಯೊಗಳನ್ನು ತೋರಿಸಿ ಅನೇಕರು ಕೇಳುತ್ತಾರೆ. ಆ ಕಡ್ಡಿಗಳಲ್ಲಿ ಹೆಚ್ಚಿನವು ಸತುವಿನವು. ಸತು ಅಲ್ಯೂಮಿನಿಯಂಗಿಂತ ದುರ್ಬಲ ಲೋಹ, ಉಪ್ಪು ನೀರಿನಲ್ಲಿ ಬೆಸುಗೆಯೇ ಮೊದಲು ಕರಗುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ ಅದನ್ನು ಬಳಸಲೇಬೇಡಿ.

8. ಪ್ರೈಮರ್, ಬಣ್ಣ

ಉಜ್ಜಿದ ಮೂರ್ನಾಲ್ಕು ಗಂಟೆಯೊಳಗೆ ಎಪಾಕ್ಸಿ ಪ್ರೈಮರ್ ಬಿದ್ದಿರಬೇಕು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ, ಸಂಜೆಯ ತಂಪಿಗೆ ಮೊದಲು ಮುಗಿಸಿ. ಮರದ ದೋಣಿಗೆ ಹಚ್ಚುವ ಮೀನೆಣ್ಣೆ, ಗೇರೆಣ್ಣೆಯ ಕೈ ಇಲ್ಲಿ ತಾಗಬಾರದು, ಎಣ್ಣೆಯ ಮೇಲೆ ಪ್ರೈಮರ್ ನಿಲ್ಲುವುದಿಲ್ಲ. ಕೆಂಪು ಸೀಸದ ಪ್ರೈಮರ್ ಕಬ್ಬಿಣಕ್ಕೆ ಮಾಡಿದ್ದು, ಅಲ್ಯೂಮಿನಿಯಂಗೆ ಹಾನಿಕರ.

ಪಾಚಿ, ಬರ್ನಾಕಲ್ (ಅಂಟಿ ಬೆಳೆಯುವ ಚಿಪ್ಪುಜೀವಿ) ಹತ್ತದಿರಲು ತಳಕ್ಕೆ ಬಳಿಯುವ ಬಣ್ಣದಲ್ಲಿ ಹೆಚ್ಚಿನವು ಕ್ಯೂಪ್ರಸ್ ಆಕ್ಸೈಡ್, ಅಂದರೆ ತಾಮ್ರ, ಇರುವಂಥವು. ಪಕ್ಕದ ದೋಣಿಯವರ ಡಬ್ಬಿಯಲ್ಲಿ ಉಳಿದದ್ದನ್ನು ಇಸಿದುಕೊಂಡು ಬಳಿದರೆ ಇಷ್ಟು ದಿನದ ಶ್ರಮವೆಲ್ಲ ಹೋಯಿತು. ಅಲ್ಯೂಮಿನಿಯಂಗೆ ಎಂದು ಬರೆದಿರುವ, ತಾಮ್ರವಿಲ್ಲದ ಬಣ್ಣವನ್ನೇ ಕೊಳ್ಳಿ. ಪ್ರತಿ ದಿನ ದಡಕ್ಕೆ ಎಳೆಯುವ ದೋಣಿಗೆ ಈ ಬಣ್ಣವೇ ಬೇಕಿಲ್ಲ.

9. ಜೋಡಣೆ ಮತ್ತು ಆನೋಡ್

ಬೋಲ್ಟ್‌ಗಳನ್ನು ಮರಳಿ ಹಾಕುವಾಗ ನೈಲಾನ್ ವಾಷರ್, ಬೋಲ್ಟಿನ ಸುತ್ತ ಪ್ಲಾಸ್ಟಿಕ್ ಕೊಳವೆ ಇಟ್ಟು, ಸೀಲಂಟ್ ಹಚ್ಚಿ, ಸ್ಟೀಲ್ ಎಲ್ಲೂ ಅಲ್ಯೂಮಿನಿಯಂಗೆ ತಾಗದಂತೆ ಬಿಗಿಯಿರಿ.

ಆನೋಡ್ ಎಂದರೆ ದೋಣಿಯ ಬದಲಿಗೆ ತಾನು ಸವೆಯುವ ಲೋಹದ ತುಂಡು. ಯಾವ ತುಂಡು ಎಂಬುದು ನಿಮ್ಮ ನೀರನ್ನು ಅವಲಂಬಿಸಿದೆ. ಸಮುದ್ರಕ್ಕೆ ಸತು ನಡೆಯುತ್ತದೆ. ಅಳಿವೆಯ ನೀರು ಒಂದೇ ತರಹ ಇರುವುದಿಲ್ಲ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬೇಸಿಗೆಯ ಭರತಕ್ಕೆ ಉಪ್ಪು ಬಹಳ ಮೇಲೆ ಏರುತ್ತದೆ, ಮಳೆಗಾಲದಲ್ಲಿ ಅದೇ ಜಾಗ ಸಿಹಿಯಾಗುತ್ತದೆ. ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿ ಗೇರುಸೊಪ್ಪೆಯಿಂದ ಬಿಡುವ ನೀರು ಅಳಿವೆಯ ಉಪ್ಪನ್ನು ತಗ್ಗಿಸುತ್ತದೆ. ಇಂಥ ಮಿಶ್ರ ನೀರಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್ ಸರಿ, ಸತು ಅಲ್ಲಿ ಮಂಕಾಗಿಬಿಡುತ್ತದೆ. ಮೆಗ್ನೀಸಿಯಂ ಆನೋಡ್ ಕದ್ರಾ, ಸೂಪಾ ಜಲಾಶಯಗಳಂತಹ ಸಿಹಿನೀರಿಗೆ ಮಾತ್ರ. ಉಪ್ಪು ನೀರಿನಲ್ಲಿ ಅದು ಅತಿಯಾಗಿ ಕೆಲಸ ಮಾಡಿ, ಕ್ಷಾರ ಹುಟ್ಟಿಸಿ, ಬಣ್ಣವನ್ನು ಎಬ್ಬಿಸಿ ದೋಣಿಯನ್ನೇ ತಿನ್ನುತ್ತದೆ.

ಆನೋಡ್ ಕೂರುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ ಬಿಗಿಯಿರಿ. ಅದರ ಮೇಲೆ ಬಣ್ಣ ಬಳಿಯಬೇಡಿ. ನೀರಿಗಿಳಿಸಿ ಒಂದು ತಿಂಗಳಾದ ಮೇಲೆ ದೋಣಿಯನ್ನು ಎಳೆದು ನೋಡಿ. ಮೈ ಒರಟಾಗಿ ಸವೆದಿದ್ದರೆ ಅದು ಕೆಲಸ ಮಾಡುತ್ತಿದೆ, ಅರ್ಧ ಕರಗಿದಾಗ ಬದಲಿಸಿ. ತಂದ ದಿನದಂತೆಯೇ ನಯವಾಗಿದ್ದರೆ ಸಂತೋಷಪಡಬೇಡಿ. ಅದಕ್ಕೂ ದೋಣಿಗೂ ಸಂಪರ್ಕ ತಪ್ಪಿರಬಹುದು. ಬೋಲ್ಟ್ ಬಿಚ್ಚಿ, ಕೆರೆದು, ಮತ್ತೆ ಕೂರಿಸಿ.